ಬಾಕಿ ಉಳಿದ ಎರಡನೇ ಕೋಟ್

ನಮ್ಮ ಟೈಟಸ್‌ವಿಲ್‌ನಲ್ಲಿ ಮನುಷ್ಯನನ್ನು ಚಂದ್ರನಿಗೆ ಕಳಿಸಿದವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಊರಿನ ಜನಸಂಖ್ಯೆಯನ್ನೇ ಹೇಳಬೇಕಾಗುತ್ತದೆ. ಗಗನಯಾತ್ರಿಗೆ ಕಾಫಿ ಕೊಟ್ಟವರು, ಕಾಫಿ ಕೊಟ್ಟವರಿಗೆ ಕ್ಷೌರ ಮಾಡಿದವರು, ಎಲ್ಲರೂ ಆ ಲೆಕ್ಕದಲ್ಲಿದ್ದಾರೆ. ನಾನೂ ಇದ್ದೇನೆ. ಆಗ ಒಂದನೇ ತರಗತಿಯಲ್ಲಿದ್ದೆ, ಆದರೆ ಗಮನವಿಟ್ಟು ನೋಡುತ್ತಿದ್ದೆ. ಲೆಕ್ಕಕ್ಕೆ ಸೇರದವನು ಪಕ್ಕದ ಮನೆಯ ಡೆಲ್ಮರ್ ಸ್ಟ್ರಿಕ್‌ಲ್ಯಾಂಡ್ ಒಬ್ಬನೇ. "ನಾನು ಬಣ್ಣ ಹೊಡೀತಿದ್ದೆ" ಎನ್ನುತ್ತಿದ್ದ, ಅಷ್ಟೇ.

ನದಿಯಾಚೆ ಕೇಪ್‌ನ ರಾಕೆಟ್ ನೆಲೆಯಲ್ಲಿರುವ ಒಂದು ಹಳೆಯ ಉಡಾವಣಾ ಕಟ್ಟೆಗೆ ನಾವು 'ಸ್ಟೂಲು' ಎನ್ನುತ್ತೇವೆ. ನಾಲ್ಕು ಕಾಂಕ್ರೀಟ್ ಕಾಲು, ಮೇಲೊಂದು ದಪ್ಪ ಚಪ್ಪಡಿ, ನಡುವೆ ಬೆಂಕಿ ಇಳಿಯಲು ತೂತು. ಅಲ್ಲಿಂದ ರಾಕೆಟ್ಟು ಹಾರಿಸುವುದು ನಿಂತ ಮೇಲೆ ಕಬ್ಬಿಣದ ಗೋಪುರ ಗುಜರಿಗೆ ಹೋಯಿತು. ಸ್ಟೂಲನ್ನು ಒಡೆಯುವುದು ದುಬಾರಿ ಎಂದು ಕಾಲುಗಳ ಮೇಲೆ ಬಿಳಿ ಅಕ್ಷರದಲ್ಲಿ "ಇದ್ದಲ್ಲೇ ಬಿಟ್ಟುಬಿಡಿ" ಎಂದು ಬರೆಸಿದರು. ಬರೆದವನು ಡೆಲ್ಮರ್.

ಕಳೆದ ಚಳಿಗಾಲದಲ್ಲಿ ಆ ಬಯಲನ್ನು ತೆರವು ಮಾಡುವ ಹುಕುಂ ಬಂತು. ಆ ಬರಹ ಇರುವ ಕಟ್ಟಡ ಉಳಿಯುತ್ತದೆ, ಇಲ್ಲದ್ದು ನೆಲಸಮವಾಗುತ್ತದೆ. ಅಷ್ಟರಲ್ಲಿ ಉಪ್ಪುಗಾಳಿ ಅಕ್ಷರಗಳನ್ನು ತಿಂದು ಮಸುಕು ಗುರುತಷ್ಟೇ ಬಿಟ್ಟಿತ್ತು.

ನಮ್ಮ ಸಂರಕ್ಷಣಾ ಸಮಿತಿ ಸಿಗಡಿ ಹೋಟೆಲಿನಲ್ಲಿ ತುರ್ತು ಸಭೆ ಸೇರಿತು. ತುರ್ತು ಎಷ್ಟಿತ್ತೆಂದರೆ, ಎರಡನೇ ತಟ್ಟೆ ಸಿಗಡಿ ಖಾಲಿಯಾದರೂ ಸ್ಮಾರಕ ಫಲಕದಲ್ಲಿ ಯಾರ ಹೆಸರು ಮೊದಲು ಎಂಬುದು ತೀರ್ಮಾನವಾಗಿರಲಿಲ್ಲ.

"ಮೊದ್ಲು ಸ್ಟೂಲ್ ಉಳೀಲಿ, ಮೇಡಂ," ಎಂದ ಡೆಲ್ಮರ್, ಅಧ್ಯಕ್ಷೆ ಲೊರೇನ್ ಪೀಬಲ್ಸ್‌ಗೆ. "ನಾನು ಅಕ್ಷರ ತಿದ್ತೀನಿ."

"ಅಯ್ಯೋ, ತಿದ್ದೋ ಹಾಗಿಲ್ಲ! ಹೊಸದಾಗಿ ಬರೆದ್ರೆ ಹಳೇದನ್ನ ಕೆಡಿಸಿದ ಹಾಗಂತೆ."

"ಬರೀದಿದ್ರೆ?"

"ಒಡೀತಾರೆ."

"ಒಳ್ಳೇ ನ್ಯಾಯ ಕಣ್ರೀ! ಬಿಟ್ಟುಬಿಡಿ ಅಂತ ನನ್ ಕೈಲೇ ಬರೆಸಿದಾರೆ. ಬರೆದ ಮಾತು ಸುಳ್ಳಾಗೋಕೆ ನಾನು ಬಿಡಲ್ಲ." ಟೋಪಿ ಹಾಕಿಕೊಂಡು ಎದ್ದುಹೋದ.

ಏಪ್ರಿಲ್‌ನಲ್ಲಿ ಕೊನೆಯ ತಪಾಸಣೆಗೆ ಸಮಿತಿಯನ್ನೂ ಬಸ್ಸಿನಲ್ಲಿ ಕರೆದೊಯ್ದರು. ನಾವೆಲ್ಲ ಇಸ್ತ್ರಿ ಮಾಡಿದ ಅಂಗಿಯಲ್ಲಿ ಇಳಿದೆವು. ಡೆಲ್ಮರ್ ಏಣಿ, ಬಣ್ಣದ ಡಬ್ಬಿ, ಅಕ್ಷರ ಕೊರೆದ ತಗಡುಗಳ ಸಮೇತ ಇಳಿದ. ತಪಾಸಣೆಯ ಅಧಿಕಾರಿ ಮಾರಿಸಾಲ್ ಕ್ರೂಜ್ ಅಡ್ಡ ಬಂದಳು.

"ಏನಿದು ಸರ್? ಇಲ್ಲಿ ಹೊಸ ಕೆಲಸ ಮಾಡೋ ಹಾಗಿಲ್ಲ."

"ಹೊಸದಲ್ಲಮ್ಮ, ಹಳೇ ಬಾಕಿ. ಎರಡು ಕೋಟ್ ಹೊಡಿ ಅಂದಿದ್ರು, ಒಂದೇ ಆಗಿರೋದು."

"ಯಾವಾಗ ಅಂದಿದ್ದು?"

"ನೀನು ಹುಟ್ಟೋಕೆ ಮುಂಚೆ, ಒಂದು ಮೇ ತಿಂಗಳಲ್ಲಿ. ವರ್ಷಾ ವರ್ಷಾ ಬರ್ತಾವಲ್ಲ, ಒಂದಕ್ಕೊಂದು ಅಂಟಿಕೊಂಡೇ ಹಾರೋ ಜೋಡಿಹುಳ, ಅವು ಹಸಿ ಬಣ್ಣಕ್ಕೆ ಮುತ್ತಿಕೊಂಡ್ವು. ಹುಳ ಹೋದ್ಮೇಲೆ ಬಾ ಅಂದ ಮೇಸ್ತ್ರಿ. ಹುಳ ಹೋಗೋದ್ರೊಳಗೆ ನಮ್ಮನ್ನೇ ಕೆಲಸದಿಂದ ತೆಗೆದ್ರು."

"ಕಥೆ ಚೆನ್ನಾಗಿದೆ."

"ಕಥೆ ಯಾಕೆ? ಉಗುರಲ್ಲಿ ಕೆರೆದು ನೋಡು."

ಕೆರೆದಳು. ಮಸುಕು ಬಿಳಿ ಪದರದೊಳಗೆ ಕಪ್ಪು ರೆಕ್ಕೆಗಳು, ಇನ್ನೂ ಜೋಡಿಯಾಗಿಯೇ ಇದ್ದವು. ಅವಳು ದೂರ ಹೋಗಿ ಫೋನ್ ಮಾಡಿದಳು. "ಹುಳ ಸರ್... ಹೌದು ಸರ್, ಹುಳ" ಎಂಬುದಷ್ಟೇ ನಮಗೆ ಕೇಳಿಸಿತು.

"ಬಾಕಿ ಕೆಲಸ ಮುಗಿಸೋದು ಹೊಸ ಕೆಲಸ ಆಗಲ್ವಂತೆ," ಎಂದಳು ವಾಪಸ್ ಬಂದು. "ಆದ್ರೆ ಒಂದು ಗೆರೆ ಆಚೀಚೆ ಆಗಬಾರದು. ಗೇಟ್ ಮುಚ್ಚೋದ್ರೊಳಗೆ ನಾಲ್ಕು ಕಾಲೂ ಮುಗೀಬೇಕು."

ಎಪ್ಪತ್ತು ದಾಟಿದ ಮನುಷ್ಯ ಏಣಿ ಹತ್ತಿದ. ನಾನು ಏಣಿ ಹಿಡಿದೆ. ಅಂದಿನಿಂದ ಸ್ಟೂಲಿಗೆ ಬಣ್ಣ ಹೊಡೆದವರ ಲೆಕ್ಕದಲ್ಲೂ ನಾನಿದ್ದೇನೆ. ಮೂರು ಕಾಲು ಮುಗಿಯುವಷ್ಟರಲ್ಲಿ ಅವನ ಬಲಗೈ ಮೇಲೇಳುವುದನ್ನು ನಿಲ್ಲಿಸಿತು.

"ಇಳಿಯೋ ಮಾರಾಯ, ಮೂರು ಉಳಿದ್ರೆ ಸಾಲದಾ?"

"ಮೂರು ಕಾಲಿನ ಮೇಲೆ ನೀನು ಕೂರ್ತೀಯಾ? ಬಾಯ್ಮುಚ್ಚಿ ಏಣಿ ಹಿಡಿ." ಕುಂಚವನ್ನು ಎಡಗೈಗೆ ಬದಲಿಸಿದ.

ಕಾವಲುಗಾರ ಗೇಟಿನ ಹಾರ್ನ್ ಒತ್ತುವಾಗ ಕೊನೆಯ ಅಕ್ಷರ ಮುಗಿಯಿತು. ಹುಳಗಳ ಕಾಲಕ್ಕೆ ಇನ್ನೂ ಎರಡು ವಾರವಿತ್ತು. ಕ್ರೂಜ್ ನಾಲ್ಕೂ ಕಾಲು ಸುತ್ತಿ ನೋಡಿ, "ಉಳೀತು" ಎಂದಳು.

ತಕ್ಷಣ ಲೊರೇನ್ ಮೇಡಂ ಚೀಲದಿಂದ ಹಿತ್ತಾಳೆಯ ಫಲಕ ಹೊರತೆಗೆದರು. "ಈ ಕಾಲಿಗೇ ಹೊಡೆಸೋಣ ಅಲ್ವಾ, ಡೆಲ್ಮರ್?"

ಡೆಲ್ಮರ್ ಕುಂಚ ಒರೆಸುತ್ತ, 'ಬಿಟ್ಟುಬಿಡಿ' ಎಂಬ ಹಸಿ ಅಕ್ಷರಗಳ ಕಡೆ ಗದ್ದ ಎತ್ತಿ ತೋರಿಸಿದ.

"ಓದೋಕೆ ಬರುತ್ತಲ್ಲ, ಮೇಡಂ?"

ಫಲಕ ಈಗ ಸಿಗಡಿ ಹೋಟೆಲಿನಲ್ಲಿ, ಕೈ ತೊಳೆಯುವ ಜಾಗದ ಮೇಲಿದೆ. ನನ್ನ ಹೆಸರು ಮೂರನೆಯದು.