ನಮ್ಮ ಗದ್ದೆಯ ಸಾಸು

ಕ್ರ್ಯಾನ್‌ಬೆರಿ ಹಣ್ಣಿನ ವಿಷಯಕ್ಕೆ ಬಂದರೆ ಎರ್ಮೆಲಿಂಡಾಳ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಕಾರ್ವರ್ ಊರಿನ ಜೌಗುಗದ್ದೆಗಳಲ್ಲಿ ಲಂಗ ಕಟ್ಟುವ ವಯಸ್ಸಿನಿಂದ ಮಂಡಿಯೂರಿ ಹಣ್ಣು ಬಾಚಿದವಳು ಅವಳು. ಗದ್ದೆ ಮಾತ್ರ ಯಾವತ್ತೂ ಇನ್ನೊಬ್ಬರದು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಲೀಕರು ಬೇಡವೆಂದು ಬಿಟ್ಟ ಹಣ್ಣನ್ನು ಚೀಲಕ್ಕೆ ತುಂಬಿ ತಂದು ಸಾಸು ಮಾಡುವುದು ವಾಡಿಕೆ. ಊಟಕ್ಕೆ ಕುಳಿತಾಗ ಅತ್ತೆ ಫೆಲಿಸ್ಮಿನಾ ಪ್ರತಿ ವರ್ಷವೂ ಕೇಳುತ್ತಿದ್ದಳು: "ಈ ಸಲ ಯಾರ ಗದ್ದೆ ಹಣ್ಣಮ್ಮಾ?" ಯಾವನೋ ಮಾಲೀಕನ ಹೆಸರು ಹೇಳುವಾಗ ಎರ್ಮೆಲಿಂಡಾಳಿಗೆ ಬಾಯಲ್ಲಿನ ತುತ್ತು ಕಹಿಯಾಗುತ್ತಿತ್ತು.

ಈ ವರ್ಷ ಇನ್ನೊಬ್ಬರ ಹೆಸರು ಹೇಳುವ ಮಾತೇ ಇಲ್ಲ. ಅವಳೂ ಗಂಡ ಜಸಿಂತುವೂ ಸೇರಿ ಒಂದು ಮೂಲೆಗದ್ದೆ ಕೊಂಡಿದ್ದರು. ಅಂಗೈಯಗಲ ಇದೆ ಎಂದು ಊರು ನಕ್ಕಿತ್ತು. ನಗಲಿ, ಹಲ್ಲು ಅವರದು! ಮೊದಲ ಫಸಲಿನಲ್ಲಿ ಕೆಂಡದಂಥ ಹಣ್ಣನ್ನಷ್ಟೇ ಆರಿಸಿ, ಬಿಳಿಚಿಕೊಂಡದ್ದನ್ನೆಲ್ಲ ಹಿತ್ತಲ ಕೊಟ್ಟಿಗೆಯ ಬುಟ್ಟಿಗೆ ಎಸೆದು, ಹಬ್ಬದ ಮುನ್ನಾದಿನ ಸಾಸು ಕುದಿಸಿ ಅಚ್ಚಿಗೆ ಸುರಿದಳು. ಆ ಮನೆಯಲ್ಲಿ ಸಾಸು ಎಂದರೆ ತಟ್ಟೆಗೆ ಮಗುಚಿದಾಗ ನೆಟ್ಟಗೆ ನಿಲ್ಲಬೇಕು. ಹರಿದರೆ ಅದು ಸಾರು.

ಬೆಳಿಗ್ಗೆ ಮಗುಚಿದಳು. ತಟ್ಟೆ ತುಂಬ ಹರಿಯಿತು.

ಅದೇ ಹೊತ್ತಿಗೆ ನಾದಿನಿ ಒಡೆಟೆ ಬರಬೇಕೆ! "ಅಯ್ಯೋ ಅತ್ತಿಗೆ, ಇದನ್ನ ತಟ್ಟೆಗೆ ಬಡಿಸ್ತೀರೋ, ಲೋಟಕ್ಕೆ ಹಾಕ್ತೀರೋ? ಇರ್ಲಿ ಅಂತ ನಾನೊಂದು ಡಬ್ಬ ತಂದಿದೀನಿ. ಅಂಗಡೀದು, ಕಂಬದ ಥರ ನಿಲ್ಲುತ್ತೆ."

"ಆ ಡಬ್ಬ ನನ್ನ ಮೇಜಿನ ಮೇಲೆ ಕಂಡರೆ ಅದೂ ಆಚೆ, ನೀನೂ ಆಚೆ!"

ಬೈದಳೇನೋ ನಿಜ, ಆದರೆ ಕಣ್ಣು ಹರಿದ ಸಾಸಿನ ಮೇಲೇ ಇತ್ತು. ಸ್ವಂತ ಹಣ್ಣಿನ ಮೊದಲ ಸಾಸು ಅತ್ತೆಯ ಮುಂದೆ ನಿಲ್ಲದೆ ಹೋದರೆ ಗದ್ದೆ ಕೊಂಡು ಏನು ಬಂತು? ಮಾಲೀಕರ ಕಸದ ಹಣ್ಣಿನಲ್ಲಿ ಒಮ್ಮೆಯೂ ಕೈಕೊಡದ ಸಾಸು ಇವತ್ತೇ ಯಾಕೆ ಹೀಗೆ ಮಾಡಿತು? ಹಾಗೆಂದುಕೊಂಡವಳೇ ತಲೆ ಚಚ್ಚಿಕೊಂಡಳು. ಆ ಕಸದಲ್ಲಿ ಯಾವಾಗಲೂ ಬಿಳಿಕಾಯಿ ಬೆರೆತಿರುತ್ತಿತ್ತು. ಸಾಸನ್ನು ಗಟ್ಟಿ ಹಿಡಿಯುತ್ತಿದ್ದದ್ದು ಆ ಅರೆಮಾಗಿದ ಕಾಯಿಯ ಅಂಟೇ. ಜಂಬ ತಲೆಗೇರಿ ಅದನ್ನೇ ಎಸೆದಿದ್ದಳು ಪುಣ್ಯಾತ್ಗಿತ್ತಿ!

ಕೊಟ್ಟಿಗೆಗೆ ಓಡಿದಳು. ಬಿಳಿಕಾಯಿ ಎರಡು ಬೊಗಸೆ ತಂದು, ಉಳಿದ ಕೆಂಪು ಹಣ್ಣಿನ ಜೊತೆ ಸಕ್ಕರೆ ಹಾಕಿ ಒಲೆಗೇರಿಸಿದಳು. ಹಣ್ಣು ಪಟಪಟ ಸಿಡಿಯಿತು. ಸೋಸಿ ಅಚ್ಚಿಗೆ ಸುರಿದು ಹಿಂಬಾಗಿಲ ಮೆಟ್ಟಿಲ ಮೇಲೆ ಚಳಿಗಿಟ್ಟಳು. ಒಡೆಟೆ ಅನ್ನಕ್ಕೆ ಬೀನ್ಸ್ ಕಾಳು ಬೆರೆಸುತ್ತಿದ್ದಳು.

ಸಂಜೆ ಟರ್ಕಿ ಕೋಳಿಯ ಪಕ್ಕದಲ್ಲಿ, ಎಲ್ಲರ ಕಣ್ಣೆದುರು, ಅಚ್ಚು ಮಗುಚಿದಳು. ಸಾಸು ಒಮ್ಮೆ ನಡುಗಿತು. ನಿಂತಿತು.

"ಈ ಸಲ ಯಾರ ಗದ್ದೆ ಹಣ್ಣಮ್ಮಾ?" ಎಂದಳು ಅತ್ತೆ.

"ನಮ್ದು ಅತ್ತೆ. ನಮ್ಮ ಗದ್ದೇದು."

ಮುದುಕಿ ಚಮಚ ಕೆಳಗಿಟ್ಟಳು. "ಏನಂದೆ? ಇನ್ನೊಂದ್ಸಲ ಹೇಳು."

"ಅವ್ವಂಗೆ ಕಿವಿ ಚೆನ್ನಾಗೇ ಕೇಳುತ್ತೆ ಅತ್ತಿಗೆ," ಎಂದಳು ಒಡೆಟೆ. ಅವಳ ಕಣ್ಣೂ ಒದ್ದೆಯಾಗಿತ್ತು. "ಹೇಳಿ, ಪರವಾಗಿಲ್ಲ."

ಎರ್ಮೆಲಿಂಡಾ ಬೆನ್ನು ನೆಟ್ಟಗೆ ಮಾಡಿ, ಬೀದಿಗೂ ಕೇಳುವಂತೆ, ಇನ್ನೊಮ್ಮೆ ಹೇಳಿದಳು.