ಓದುವ ಮೇಜಿನ ಪೆನ್ಸಿಲ್ ಬರಹ

ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗುತ್ತ ಬಂದರೂ ಅವರು ತಂದ ತೇಗದ ಪ್ಲೈವುಡ್ ಹಾಳೆ ಮನೆಯ ಹಿಂದಿನ ಶೆಡ್ಡಿನಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು. ನನಗೆ ಎಂ.ಎಸ್ಸಿ. ಸೀಟು ಸಿಕ್ಕಿದಾಗ ಕುಶಾಲನಗರದಿಂದ ಜೀಪಿನಲ್ಲಿ ಹಾಕಿಸಿಕೊಂಡು ತಂದಿದ್ದರು. ಚೆಟ್ಟಳ್ಳಿ ಕಡೆಯ ಎಸ್ಟೇಟುಗಳಲ್ಲಿ ಕೆಲಸದವರ ಲೈನ್ ಮನೆಗಳ ಬಾಗಿಲು, ಕಿಟಕಿ ಮಾಡುತ್ತಿದ್ದ ಅವರು ಮದುವೆಯಾಗದೆ ನಮ್ಮ ಜೊತೆಗೇ ಇದ್ದರು.

ಹಾಳೆಯ ಮೇಲೆ ಗೆರೆ ಎಳೆದು, ಯಾವ ತುಂಡು ಯಾವುದಕ್ಕೆಂದು ಪೆನ್ಸಿಲಿನಲ್ಲಿ ಬರೆದಿದ್ದರು. ದೊಡ್ಡ ತುಂಡಿನ ನಡುವೆ ‘ಓದುವ ಮೇಜು’ ಎಂದಿತ್ತು. ಕಾಲಿನ ತುಂಡುಗಳಿಗೆ ಅಗಲ ಬರೆದು ಎತ್ತರದ ಜಾಗ ಖಾಲಿ ಬಿಟ್ಟಿದ್ದರು. ಅದನ್ನು ನಾನು ಹೇಳಬೇಕಿತ್ತು.

“ಕುರ್ಚಿ ಮೇಲೆ ಕೂತು, ನೆಲದಿಂದ ಮೊಣಕೈಗೆ ಎಷ್ಟು ಅಂತ ಅಳೆದು ಹೇಳು ಮಗಳೇ,” ಎಂದು ಹಾಸ್ಟೆಲಿನಲ್ಲಿದ್ದ ನನಗೆ ಫೋನ್ ಮಾಡಿದ್ದರು.

“ಟೇಪ್ ಇಲ್ಲ ಚಿಕ್ಕಪ್ಪ.”

“ಇಷ್ಟು ಓದ್ತೀಯ, ಒಂದು ಟೇಪ್ ಇಲ್ವಾ? ದಾರ ಹಿಡಿದು ಗಂಟು ಹಾಕಿ ತಾ.”

ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು, ನಾನು ಅಳೆಯಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಆ ಮಳೆಗಾಲದಲ್ಲೇ ಹೋದರು.

ಈ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಅಳೆದೆ. ಇಪ್ಪತ್ತಾರೂವರೆ ಇಂಚು. ಖಾಲಿ ಜಾಗದಲ್ಲಿ ಬರೆದೆ. ಅವರ ಅಂಕಿಗಳ ಪಕ್ಕದಲ್ಲಿ ನನ್ನದು ತೀರಾ ಚಿಕ್ಕದಾಗಿ ಕಂಡಿತು.

ಮಿಷಿನ್ನಿನ ಹಲ್ಲು ಮೇಲಿನ ಪದರವನ್ನು ಕೀಳುತ್ತದೆ; ಅದರಲ್ಲಿ ಕತ್ತರಿಸುವುದಾದರೆ ಹಾಳೆಯನ್ನು ಬೋರಲು ಹಾಕಿ ಹಿಂಬದಿಯಲ್ಲಿ ಹೊಸದಾಗಿ ಗೆರೆ ಎಳೆಯಬೇಕು. ಅವರ ಗೆರೆಗಳು ಕೈಗರಗಸಕ್ಕೆಂದು ಎಳೆದವು. ಹಾಗಾಗಿ ಅವರ ಗರಗಸವನ್ನೇ ಹಿಡಿದೆ. ತೇಗದ ತೆಳು ಪದರ ಸಿಬಿರೇಳದಂತೆ ಮೊದಲು ಗೆರೆಯ ಉದ್ದಕ್ಕೂ ಚಾಕುವಿನಿಂದ ಗೀರಿ, ಆಮೇಲೆ ಕೊಯ್ದೆ. ಮೂರು ಭಾನುವಾರ ಹಿಡಿಯಿತು. ಅಂಚಿನ ಪದರಗಳು ಕಾಣದಂತೆ ತೇಗದ ಪಟ್ಟಿ ಅಂಟಿಸಿದೆ.

ಉಳಿದದ್ದು ಉಜ್ಜುವುದು. ಎರಡು ಮಳೆಗಾಲದ ಬೂಸ್ಟಿನ ಕಲೆ ತೆಗೆಯದೆ ಪಾಲಿಷ್ ಹಾಕುವಂತಿರಲಿಲ್ಲ. ಆದರೆ ‘ಓದುವ ಮೇಜು’ ಎಂಬ ಆ ಎರಡು ಪದ ಅಳಿಯಬಾರದು ಎಂಬುದೊಂದೇ ನನ್ನ ಆಸೆ. ಅವರ ಕೈಬರಹ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ. ಸುತ್ತ ಉಜ್ಜಿ ನಡುವೆ ಬಿಟ್ಟೆ. ಅಷ್ಟು ಜಾಗ ಕೊಳೆ ಕಟ್ಟಿದ ಹಾಗೆ ಉಳಿಯಿತು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. “ಮುಖ ತೊಳೆದು ಮೂಗು ಬಿಟ್ಟ ಹಾಗಾಯ್ತು. ನಿನ್ನ ಚಿಕ್ಕಪ್ಪ ಕಂಡಿದ್ರೆ ಮೇಜು ಹೊತ್ತು ಒಲೆಗೆ ಹಾಕ್ತಿದ್ರು.”

ಅದು ನಿಜ. ಕೆಲಸ ಅರ್ಧ ಬಿಟ್ಟವರ ಜೊತೆ ಅವರು ಮಾತೇ ಆಡುತ್ತಿರಲಿಲ್ಲ. ಮರದ ಎಳೆಯ ಗುಂಟ ಬರಹದ ಮೇಲೂ ಉಜ್ಜುಕಾಗದ ಎಳೆದೆ. ಸೀಸದ ಕಪ್ಪು ಬೇಗ ಹೋಯಿತು. ಅಕ್ಷರಗಳು ಹೋಗಲಿಲ್ಲ, ಗೀರಾಗಿ ಮರಕ್ಕೆ ಇಳಿದಿದ್ದವು. ಗಟ್ಟಿ ಹಲಗೆಗೆ ಒತ್ತಿ ಬರೆದು ರೂಢಿಯಾದ ಕೈ. ಹಲಗೆಯಾದರೆ ಉಜ್ಜುಗೊರಡು ಹೊಡೆದಾಗ ಬರಹ ಹೊಟ್ಟಿನ ಜೊತೆ ಹೋಗುತ್ತದೆ. ಪ್ಲೈವುಡ್ಡಿಗೂ ಹಾಗೇ ಒತ್ತಿ ಬರೆದಿದ್ದರು.

ಪಾಲಿಷ್ ಮಾಡಲು ಸುಂಟಿಕೊಪ್ಪದಿಂದ ಬಂದವರು ಚಿಕ್ಕಪ್ಪನ ಹಳೆಯ ಜೊತೆಗಾರ. ಮೇಜಿನ ಮೇಲೆ ಅಂಗೈ ಆಡಿಸಿ ನಕ್ಕರು.

“ಅವನು ಪೆನ್ಸಿಲ್ ಹಿಡಿದ್ರೂ ಉಳಿ ಹಿಡಿದ ಹಾಗೆಯೇ. ಇನ್ನು ಉಜ್ಜಬೇಡ ಮಗಳೇ, ಮೇಲಿನದು ಈರುಳ್ಳಿ ಸಿಪ್ಪೆ ಅಷ್ಟೇ. ಕೆಳಗಿನ ಕೆಂಪು ಮರ ಎದ್ದುಬಿಡ್ತದೆ. ಮೇಣ ತುಂಬಿ ಮುಚ್ಚಿ ಕೊಡ್ತೇನೆ, ಯಾರಿಗೂ ತಿಳಿಯೂದಿಲ್ಲ.”

“ಬೇಡ, ಹಾಗೇ ಇರಲಿ,” ಎಂದೆ.

“ಗೀರಿಗೆ ಪಾಲಿಷ್ ಇಳಿದ್ರೆ ಇನ್ನೂ ಕಪ್ಪಾಗಿ ಕಾಣ್ತದೆ. ಆಮೇಲೆ ನನ್ನ ಕೆಲಸ ಸರಿ ಇಲ್ಲ ಅನ್ನಬಾರದು.”

“ಅನ್ನೂದಿಲ್ಲ.”

ಅವರು ನನ್ನ ಮುಖ ನೋಡಿದರು. ಬಟ್ಟೆಯ ಉಂಡೆಯನ್ನು ಪಾಲಿಷಿನಲ್ಲಿ ಅದ್ದಿ ಕೆಲಸಕ್ಕೆ ಕೂತರು.

ಮೇಜು ಈಗ ನನ್ನ ಕೋಣೆಯಲ್ಲಿದೆ. ಎತ್ತರ ಸರಿಯಾಗಿದೆ, ಮೊಣಕೈ ಊರಿದರೆ ಭುಜ ಏಳುವುದಿಲ್ಲ. ಹಾಳೆ ಹರವಿ ಬರೆಯುವಾಗ ನಡುವೆ ಎಲ್ಲೋ ಪೆನ್ನಿನ ಮೊನೆ ಅವರ ಅಕ್ಷರದ ಗೀರಿಗೆ ಇಳಿದು ನನ್ನ ಅಕ್ಷರ ಸೊಟ್ಟಗಾಗುತ್ತದೆ. ಹಾಳೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಸಾಕು. ನಾನು ಸರಿಸುವುದಿಲ್ಲ.