ಭಾವನ ಕೆಂಪು ಕಾರು, ಕಪ್ಪು ಕಾರು

ಹೋದ ವಾರ ಇಂದಿರಾನಗರದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ಕಾರಿನಿಂದ ಬ್ರೇಕು ಸುಟ್ಟ ವಾಸನೆ ಬಂತು. ಕಾದ ಕಬ್ಬಿಣವೂ ಹೊತ್ತಿದ ಕೂದಲೂ ಸೇರಿದಂತೆ ಗಂಟಲಿಗಿಳಿಯುವ ವಾಸನೆ. ಗಾಜು ಏರಿಸಿದರೂ ಹೋಗಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುವವರೆಗೂ ನಾನು ಎಷ್ಟೋ ವರ್ಷದ ಹಿಂದಿನ ಭಾವನ ಕಾರಿನಲ್ಲೇ ಕೂತಿದ್ದೆ...

ಭಾವ ನನ್ನ ಅಕ್ಕನ ಗಂಡ. ಮಹದೇವಪುರದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಗಾಜಿನ ಕಟ್ಟಡಗಳು ಎದ್ದವು. ಹೊಲ ಮಾರಿದ ದುಡ್ಡಿನಲ್ಲಿ ಭಾವನ ಮನೆ ಮುಂದೆ ಜಪಾನಿನಿಂದ ತರಿಸಿದ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಭಾವ ಎತ್ತರದ ಆಳು, ದಪ್ಪ ಮಣಿಕಟ್ಟು. ಸಿಟ್ಟು ಬಂದರೆ ಅವರ ಮಾತು ನಿಂತು ಕೈ ಶುರುವಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ, ಕಾರಿನ ಕನ್ನಡಿಗೆ ತಾಗಿಸಿದ ಆಟೋದವನನ್ನು ಹಲಸೂರಿನ ನಮ್ಮ ಬೀದಿಯಲ್ಲೇ ಕಾಲರ್ ಹಿಡಿದು ಎಳೆದು ಮೂಗು ಒಡೆದರು. ಅಕ್ಕ ಒಳಗಿಂದ ಒಂದು ಚೊಂಬು ನೀರು ತಂದು ಆಟೋದವನಿಗೆ ಕೊಟ್ಟಳು. ಆ ನೀರಿಗೆ ಅವಳಿಗೆ ಏನು ಸಿಕ್ಕಿತೆಂದು ಮರುದಿನ ಅವಳ ಕೆನ್ನೆ ನೋಡಿದಾಗ ನಮಗೆ ಗೊತ್ತಾಯಿತು.

ಇಷ್ಟಾದರೂ ಆ ಮನುಷ್ಯನನ್ನು ಪೂರ್ತಿ ದ್ವೇಷಿಸಲು ನನ್ನಿಂದ ಆಗಲಿಲ್ಲ. ನಾನಾಗ ರಿಚರ್ಡ್ಸ್ ಟೌನಿನ ಹಳೆ ಬಂಗಲೆಯೊಂದರಿಂದ ಹೊರಡುತ್ತಿದ್ದ, ಕಾರುಗಳ ಕುರಿತ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬೆಳಿಗ್ಗೆ ಭಾವ ಬಂದು ಕೀಲಿ ನನ್ನ ಕೈಗೆ ಕೊಡುತ್ತಿದ್ದರು. ಹೊಸಕೋಟೆ ರಸ್ತೆಯಲ್ಲಿ ಪಕ್ಕದಲ್ಲಿ ಕೂತು, ಬೇರೆ ಯಾವತ್ತೂ ಇಲ್ಲದ ಸಮಾಧಾನದಿಂದ ಹೇಳಿಕೊಡುತ್ತಿದ್ದರು.

"ನೋಡು ಭಾಮೈದ, ಇದ್ರಲ್ಲಿ ಇಂಜಿನ್ನು ತಳ್ಳೋದು ಹಿಂದಿನ ಚಕ್ರಾನ. ಮುಂದಿನ ಚಕ್ರಕ್ಕೆ ದಾರಿ ತೋರ್ಸೋದೊಂದೇ ಕೆಲ್ಸ. ಅದಕ್ಕೇ ಸ್ಟೇರಿಂಗ್ ಇಷ್ಟು ಚೆನ್ನಾಗಿ ಮಾತಾಡುತ್ತೆ. ಆದ್ರೆ ತಿರುವಲ್ಲಿ ದುಡುಕಿ ಆಕ್ಸಿಲರೇಟರ್ ಒತ್ತಿದ್ಯೋ, ಹಿಂದುಗಡೆ ಜಾರ್ಕೊಂಡು ಆಚೆ ಬರುತ್ತೆ. ಮೆತ್ತಗೆ..."

"ಮೆತ್ತಗೆ" ಅನ್ನುವ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಆ ಕಾರಿನೊಳಗೆ ಮಾತ್ರ. ಆ ಕಾರಿಗೆ ಅವರು ಸ್ವಲ್ಪ ಹೆದರುತ್ತಿದ್ದರು ಎಂದು ಕಾಣುತ್ತದೆ.

ಒಂದು ಮಳೆಗಾಲದ ಸಂಜೆ ಭಾವ ಓಡಿಸುತ್ತಿದ್ದಾಗ ರಿಂಗ್ ರೋಡಿನಲ್ಲಿ ಟ್ಯಾಕ್ಸಿಯೊಂದು ನಮ್ಮ ಗಾಜಿನ ತುಂಬ ಕೆಸರು ಎರಚಿ ಮುಂದೆ ಹೋಯಿತು. ಭಾವನ ಮಾತು ನಿಂತಿತು. ತಿರುವಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಕಾರಿನ ಹಿಂಭಾಗ ಹೊರಗೆ ಹಾರಿ, ರಸ್ತೆಯೇ ಗಿರಗಿರನೆ ತಿರುಗಿದಂತಾಗಿ, ಡಿವೈಡರಿಗೆ ಪಕ್ಕೆ ಬಡಿದು ನಿಂತೆವು. ನನ್ನ ನಾಲಿಗೆ ಹಲ್ಲಿಗೆ ಸಿಕ್ಕಿ ಬಾಯಿ ರಕ್ತವಾಗಿತ್ತು. ಭಾವ ಇಳಿದು ಡಿಕ್ಕಿಯಿಂದ ಜಾಕಿನ ರಾಡು ತೆಗೆದರು. ಟ್ಯಾಕ್ಸಿ ಆಗಲೇ ಕಣ್ಮರೆಯಾಗಿತ್ತು. ಅವರು ಕಾರಿಗೇ ಹೊಡೆಯತೊಡಗಿದರು. ದೀಪ, ಬಾನೆಟ್ಟು, ಗಾಜು... ಮಳೆಯಲ್ಲಿ ನೆನೆಯುತ್ತ, ಪ್ರತಿ ಏಟಿಗೂ ಕೂಗಿದರು:

"ನನ್ ಮಾತು ಕೇಳಲ್ವಾ? ಕೇಳಲ್ವಾ?"

ಅದೇ ಮಾತನ್ನು, ಅದೇ ದನಿಯಲ್ಲಿ, ಅಕ್ಕನ ಮನೆಯ ಮುಚ್ಚಿದ ಬಾಗಿಲಿನಾಚೆಯಿಂದ ನಾನು ಕೇಳಿದ್ದೆ.

ಕೆಂಪು ಕಾರು ಶಿವಾಜಿನಗರದ ಟಿಂಕರಿಂಗ್ ಅಂಗಡಿಯಲ್ಲಿ ಆಕಾರಕ್ಕೆ ಬರುವಷ್ಟರಲ್ಲಿ ಕಪ್ಪು ಕಾರು ಬಂದಿತ್ತು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಗಾಡಿ. "ಇದು ಹೇಳ್ದಂಗೆ ಕೇಳುತ್ತೆ," ಎಂದರು ಭಾವ.

ಎರಡನ್ನೂ ಓಡಿಸಿ ಹೋಲಿಸಿ ಬರೆಯಬೇಕೆಂದು ಪತ್ರಿಕೆಯಲ್ಲಿ ಕೇಳಿದರು. ಭಾವ ಖುಷಿಯಿಂದ ಎರಡೂ ಕೀಲಿ ಕೊಟ್ಟರು. ಒಣ ರಸ್ತೆಯಲ್ಲಿ ಕೆಂಪು ಕಾರಿನ ಸುಖವೇ ಬೇರೆ. ಅಂಗೈಯಲ್ಲೇ ರಸ್ತೆ ತಿಳಿಯುತ್ತಿತ್ತು. ಮಳೆ ಬಂದಾಗ ಮಾತ್ರ ಕಪ್ಪು ಕಾರಿನ ಹತ್ತಿರ ಅದು ಸುಳಿಯಲಾರದು. ಕೆಂಪು ಕಾರು ಬಾಲ ಆಡಿಸುವ ಕಡೆ ಕಪ್ಪು ಕಾರು ನೆಲ ಕಚ್ಚಿ ಎಳೆದುಕೊಂಡು ಹೋಗುತ್ತಿತ್ತು. ಎಷ್ಟು ವೇಗದಲ್ಲಿದ್ದೇವೆ ಎಂಬುದೇ ತಿಳಿಯುತ್ತಿರಲಿಲ್ಲ. ಅದನ್ನೇ ಬರೆದೆ. ಮುನ್ನುಗ್ಗುವಾಗ ನಾಲ್ಕು ಚಕ್ರದ ಬಲ ಇರುತ್ತದೆ, ನಿಲ್ಲಿಸುವಾಗ ಆ ಬಲ ಉಪಯೋಗಕ್ಕೆ ಬರುವುದಿಲ್ಲ. ಆಗ ಇರುವುದು ಎಲ್ಲ ಕಾರಿಗೂ ಇರುವ ಬ್ರೇಕು, ಟೈರು, ಮೇಲೆ ಇದರ ಹೆಚ್ಚಿನ ತೂಕ. ಕೆಂಪು ಕಾರು ಮೊದಲೇ ಹೆದರಿಸುತ್ತದೆ, ಕಪ್ಪು ಕಾರು ಹೆದರಿಸುವಷ್ಟರಲ್ಲಿ ತಡವಾಗಿರುತ್ತದೆ. ನಮ್ಮ ರಸ್ತೆಗೆ ನಾನಾದರೆ ಕೆಂಪನ್ನೇ ಆರಿಸಿಕೊಳ್ಳುತ್ತೇನೆ.

ಭಾವ ಅದನ್ನು ನಮ್ಮ ಮನೆಯ ಜಗಲಿಯಲ್ಲೇ ಓದಿದರು. ಓದಿ ಮುಗಿಸಿ ಎದ್ದು ಬಂದು ಕಪಾಳಕ್ಕೆ ಬಾರಿಸಿದರು. ಕಿವಿ ಗುಂಯ್ ಎಂದಿತು.

"ಪುಕ್ಕಲ! ಹೆದರೋರು ಬಸ್ಸಲ್ಲಿ ಹೋಗ್ಲಿ."

"ಅವ್ನು ಬರ್ದಿರೋದು ಕಾರಿನ ವಿಷ್ಯ ರೀ, ನಿಮ್ ವಿಷ್ಯ ಅಲ್ಲ," ಎಂದು ಅಕ್ಕ ನಡುವೆ ಬಂದಳು. ಅವಳ ತೋಳನ್ನು ಹಿಡಿದು ಗೋಡೆಗೆ ನೂಕಿ ಹೊರಟುಹೋದರು.

ಮುಂದಿನ ಮಳೆಗಾಲ ನೆಂಟರ ನಿಶ್ಚಿತಾರ್ಥಕ್ಕೆಂದು ಬೆಳಿಗ್ಗೆ ಕಪ್ಪು ಕಾರಿನಲ್ಲಿ ಹೊರಟೆವು. ಮುಂದೆ ಅಕ್ಕ, ಹಿಂದಿನ ಇಕ್ಕಟ್ಟಿನಲ್ಲಿ ನಾನು. ಕೆ.ಆರ್. ಪುರದ ತೂಗು ಸೇತುವೆ ದಾಟಿದ ಮೇಲೆ ವ್ಯಾನೊಂದು ಅಡ್ಡ ನುಗ್ಗಿತು. ಭಾವ ಅದರ ಬೆನ್ನು ಹತ್ತಿದರು. "ಬೇಡ ರೀ, ಬಿಟ್ಬಿಡಿ," ಎಂದು ಅಕ್ಕ ಅವರ ತೋಳು ಹಿಡಿದಳು. ಮೊಣಕೈಯಿಂದ ಅವಳ ಬಾಯಿಗೆ ಗುದ್ದಿ ಕೈ ಬಿಡಿಸಿಕೊಂಡರು. ಒದ್ದೆ ತಿರುವನ್ನು ಕಾರು ಎಲ್ಲೂ ಜಾರದೆ ದಾಟಿತು.

"ನೋಡ್ದೇನೋ? ಹೆಂಗ್ ಹಿಡ್ಕೊಳ್ತು ನೋಡ್ದಾ?" ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು.

ತಿರುವಿನಾಚೆ ನೀರಿನ ಟ್ಯಾಂಕರ್ ನಿಂತಿತ್ತು. ಬ್ರೇಕು ಕಿರುಚಿತು. ಆ ವಾಸನೆ ಒಳಗೆಲ್ಲ ತುಂಬಿತು. ಕಾರು ನಿಲ್ಲಲಿಲ್ಲ, ನೇರ ಟ್ಯಾಂಕರಿನ ಹಿಂಬದಿಗೆ ಹೋಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಭಾವ ಬ್ರೇಕಿನಿಂದ ಕಾಲೆತ್ತಿ ಸ್ಟೇರಿಂಗನ್ನು ಎಡಕ್ಕೆ ಎಳೆದರು. ಅಕ್ಕನ ಕಡೆ ತಪ್ಪಿತು. ಟ್ಯಾಂಕರಿನ ಮೂಲೆ ಭಾವನ ಕಡೆಯ ಬಾಗಿಲನ್ನು ಸೀಳಿಕೊಂಡು ಬಂತು.

ಆಮೇಲೆ ಗಾಜಿನ ಚೂರು, ಅಕ್ಕನ ಚೀರಾಟ, ಸೀರೆಯ ಮೇಲೆ ರಕ್ತ. ಅವಳ ಸೊಂಟದ ಮೂಳೆ ಮುರಿದಿತ್ತು. ಭಾವ ಹೇಗೋ ಹೊರಗೆ ಬಿದ್ದು, ಎದ್ದು ನಿಂತರು. ಎದೆಯ ಒಂದು ಕಡೆ ಒಳಗೆ ಕುಸಿದಿತ್ತು. ಓಡಿಬಂದ ಟ್ಯಾಂಕರಿನವನ ಮುಖಕ್ಕೆ ಗುದ್ದಿದರು. ಇನ್ನೊಮ್ಮೆ ಕೈಯೆತ್ತಿದರು. ಅವನು ತಿರುಗಿಸಿ ಹೊಡೆಯಲಿಲ್ಲ. ತುಟಿಯಿಂದ ರಕ್ತ ಸುರಿಯುತ್ತಿದ್ದರೂ ಎರಡೂ ಕೈಯಲ್ಲಿ ಅವರನ್ನು ತಬ್ಬಿ ಹಿಡಿದ.

"ಬೇಡ ಸಾರ್... ಕೂತ್ಕೊಳ್ಳಿ ಸಾರ್, ತುಂಬಾ ಏಟಾಗೈತೆ."

ಆ ಅಪ್ಪುಗೆಯಲ್ಲೇ ಭಾವನ ಕಾಲು ಸೋತಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಟೋದಲ್ಲಿ, ಅದೇ ಟ್ಯಾಂಕರಿನವನ ತೊಡೆಯ ಮೇಲೆ ತಲೆಯಿಟ್ಟು ಸತ್ತರು.

ಹೋದ ವಾರ ಆ ಸಿಗ್ನಲ್ಲಿನಿಂದ ನಾನು ಕೆಲಸಕ್ಕೆ ಹೋಗಲಿಲ್ಲ, ಭಾವ ಸತ್ತ ಮೇಲೆ ಅಕ್ಕ ಉಳಿದುಕೊಂಡ ಹಲಸೂರಿನ ನಮ್ಮ ಹಳೆ ಮನೆಗೆ ಹೋದೆ. ಅಕ್ಕ ಈಗಲೂ ಎಡಗಾಲು ಎಳೆದು ನಡೆಯುತ್ತಾಳೆ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಅವತ್ತು ಕೇಳಿದೆ: ಭಾವ ಸ್ಟೇರಿಂಗ್ ಎಳೆದದ್ದನ್ನು ನೀನು ನೋಡಿದೆಯಾ?

"ನೋಡ್ದೆ," ಎಂದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡು ಹೇಳಿದಳು: "ಅವ್ರು ಇದ್ದಿದ್ರೆ ಒಂದಲ್ಲ ಒಂದಿನ ನನ್ನನ್ನ ಹೊಡ್ದು ಸಾಯಿಸ್ಬಿಡ್ತಿದ್ರು ಕಣೋ. ಅದೂ ಗೊತ್ತು ನಂಗೆ..."

ಮುಖ ನನ್ನ ಕಡೆ ತಿರುಗಿಸದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದ್ರೂ ಇರ್ಬೇಕಿತ್ತು."